ಬಾಣಂತಿ ಕೋಣೆಯ ಕಿಟಕಿ

ಅಂಬಾಜಿದುರ್ಗದ ತಪ್ಪಲಿನ ಆ ಊರಿನಲ್ಲಿ ಆಸ್ಮಾಳನ್ನು ಒಳಗೆ ಕರೆದು ನೀರು ಕೊಟ್ಟ ಮೊದಲ ಮನೆ ಕದಿರಮ್ಮನದು. ಅದಕ್ಕೂ ಮೊದಲು ಬೀದಿಯುದ್ದಕ್ಕೂ ಅವಳಿಗೆ ಸಿಕ್ಕಿದ್ದು ಅರ್ಧ ತೆರೆದ ಬಾಗಿಲುಗಳು. ಅವಳ ಕೈಚೀಲದಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳೇ ಅದಕ್ಕೆ ಕಾರಣ. ಒಬ್ಬರು ಅದನ್ನು ಕ್ಯಾಮೆರಾ ಅಂದರು. ಇನ್ನೊಬ್ಬರು, ಬೋರ್‌ವೆಲ್ಲಿಗೆ ಮೀಟರು ಹಾಕುವ ಮುಂಚೆ ಸರ್ಕಾರದವರು ಹೀಗೇ ಏನಾದರೊಂದು ತಂದು ನೇತುಹಾಕುತ್ತಾರೆ ಅಂದರು. ಎದುರು ಮನೆಯ ರಾಮಲಕ್ಷ್ಮಮ್ಮ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಒಳಗೇನೂ ಇಲ್ಲ. ಏನೂ ಇಲ್ಲದ್ದನ್ನ ಮೂರು ತಿಂಗಳು ಯಾಕೆ ನೇತಾಕ್ಕಬೇಕು?" ಎಂದು ವಾಪಸು ಕೊಟ್ಟಿದ್ದಳು.

ಆಸ್ಮಾ ಚಿಂತಾಮಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದಳು. ಅದರ ಜೊತೆಗೇ ಪಿಎಚ್‌ಡಿಗೆ ಸೇರಿಕೊಂಡಿದ್ದಳು. ಕಲ್ಲಿನ ಮನೆಗಳ ಒಳಗಿನ ಗಾಳಿಯನ್ನು ಅಳೆಯುವುದು ಅವಳ ಕೆಲಸ.

"ಯಾವೂರಮ್ಮ ನಿಂದು?" ಎಂದು ಕೇಳಿದಳು ಕದಿರಮ್ಮ, ಚೊಂಬು ಮುಂದೆ ಚಾಚುತ್ತ.

"ಶಿಡ್ಲಘಟ್ಟ. ನಮ್ಮಪ್ಪ ರೇಷ್ಮೆನೂಲು ತೆಗೆಯೋ ರೀಲಿಂಗ್ ಇಟ್ಟಿದಾರೆ. ಬಾಬಾಜಾನ್ ಅಂತ."

"ಯಾವ ಬಾಬಾಜಾನು? ಮಾರ್ಕೆಟ್ಟಲ್ಲಿ ಗೂಡನ್ನ ಕಿವಿ ಹತ್ರ ಇಟ್ಕೊಂಡು ಕುಲುಕಿ ನೋಡ್ತಾರಲ್ಲ, ಆ ಸಾಯಿಬ್ರಾ?"

ಆಸ್ಮಾಗೆ ನಗು ಬಂತು. "ಅವರೇ."

"ಅಯ್ಯೋ, ಅವರ ಮಗಳಾ! ನಮ್ಮ ಗೂಡು ಎಷ್ಟು ಸಲ ಹರಾಜಲ್ಲಿ ಅವರೇ ಹಿಡಿದವ್ರೆ. ಒಳ್ಳೆ ಮನುಷ್ಯ, ಆದ್ರೆ ಗೂಡು ತೆಳ್ಳಗಿದೆ ಅಂತ ಮುಖ ಸಿಂಡರಿಸ್ತಾರೆ ನೋಡು, ಆಗ ಹೊಡೀಬೇಕು ಅನ್ಸುತ್ತೆ. ಬಾ, ಎಲ್ಲಿ ನೇತಾಕ್ಕಬೇಕೋ ಹಾಕ್ಕೋ."

ಹೀಗೆ ಆ ಮನೆಯಲ್ಲಿ ಮೂರು ಡಬ್ಬಿಗಳು ತೂಗಿದವು. ಒಂದು ಜಗಲಿಯ ಕಂಬಕ್ಕೆ. ಒಂದು ಹಿತ್ತಿಲಿನ ಹುಳುಮನೆಗೆ. ಕದಿರಮ್ಮನ ಮಗ ಚನ್ನಕೇಶವ ರೇಷ್ಮೆಹುಳು ಸಾಕಲು ಅದನ್ನು ಹೊಸದಾಗಿ ಕಟ್ಟಿಸಿದ್ದ. ನಾಲ್ಕೂ ಕಡೆ ಕಿಟಕಿ, ಮಾಡಿನಡಿ ಬಿಸಿಗಾಳಿ ಹೋಗಲು ಕಿಂಡಿ. ಮೂರನೆಯದು ನಡುಮನೆಯ ಹಿಂದಿನ ಬಾಣಂತಿ ಕೋಣೆಗೆ.

ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ದಪ್ಪ ಕಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ, ಕೆಳಗೆ ಅಲ್ಲಲ್ಲಿ ಬಿರಿದ ಗಾರೆ ನೆಲ. ಬಾಗಿಲು ಹಾಕಿದರೆ ಹಗಲಲ್ಲೇ ಕತ್ತಲೆ. ಕದಿರಮ್ಮನ ಅತ್ತೆ ಹೆತ್ತಿದ್ದು ಅಲ್ಲಿ, ಕದಿರಮ್ಮ ಹೆತ್ತಿದ್ದು ಅಲ್ಲಿ. ಗೌರಿಬಿದನೂರಿಗೆ ಕೊಟ್ಟಿದ್ದ ಮಗಳು ಮಾಲಾ ಈಗ ಚೊಚ್ಚಲು ಬಸುರಿ. ಅವಳು ಬಾಣಂತನಕ್ಕೆ ಬಂದು ಮಲಗುವುದೂ ಅಲ್ಲೇ. "ಒಂದು ಎಳೆ ಗಾಳಿ ಆಡಲ್ಲ ನೋಡು ಈ ಕೋಣೇಲಿ. ಹಸಿ ಮೈಗೆ ಶೀತ ತಾಕೋ ಮಾತೇ ಇಲ್ಲ" ಎಂದು ಕದಿರಮ್ಮ ಹೆಮ್ಮೆಯಿಂದ ಹೇಳಿದ್ದಳು.

ಮೂರು ತಿಂಗಳು ಕಳೆದ ಮೇಲೆ ಆಸ್ಮಾ ಡಬ್ಬಿಗಳನ್ನು ಇಳಿಸಿಕೊಂಡು ಹೋದಳು.

ಪ್ರತಿ ಡಬ್ಬಿಯೊಳಗೂ ಉಗುರಿನಗಲದ ಕೆಂಪು ಫಿಲ್ಮಿನ ತುಂಡೊಂದು ಅಂಟಿಕೊಂಡಿರುತ್ತಿತ್ತು. ಅದನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿಟ್ಟು, ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಮೂರು ತಿಂಗಳಲ್ಲಿ ಮನೆಯ ಗಾಳಿಯಲ್ಲಿ ಏನಾಯಿತೆಂಬುದು ಬಿಳಿ ಚುಕ್ಕೆಗಳಾಗಿ ಕಾಣುತ್ತದೆ. ಒಂದೊಂದು ಚುಕ್ಕೆಯೂ ಒಂದು ಆಲ್ಫಾ ಕಣ ಬಡಿದು ಹೋದ ಗಾಯ.

ಈ ವಿಷಯವನ್ನು ಎಷ್ಟು ಸಲ ಪಾಠ ಮಾಡಿದರೂ ಆಸ್ಮಾಗೆ ಬೇಸರವಾಗಿರಲಿಲ್ಲ. ಅಲ್ಲಾಡದೆ ಕೂತಿದೆ ಎಂದು ನಾವು ತಿಳಿದ ಬಂಡೆಯೊಳಗೆ ಚಿಟಿಕೆಯಲ್ಲಿ ಚಿಟಿಕೆಯಷ್ಟು ಯುರೇನಿಯಂ ಇರುತ್ತದೆ. ಅದರ ಪರಮಾಣುವಿನ ಬೀಜಕೇಂದ್ರ ಎಷ್ಟೋ ಕೋಟಿ ವರ್ಷ ಸುಮ್ಮನಿದ್ದು, ಒಂದು ಕ್ಷಣ ತನ್ನಿಂದ ಒಂದು ತುಣುಕನ್ನು ಎಸೆಯುತ್ತದೆ: ಎರಡು ಪ್ರೋಟಾನು, ಎರಡು ನ್ಯೂಟ್ರಾನು, ನಾಲ್ಕೂ ಬಿಗಿಯಾಗಿ ಅಪ್ಪಿಕೊಂಡಿರುವ ತುಣುಕು. ಅದೇ ಆಲ್ಫಾ ಕಣ. ಹೀಗೆ ಎಸೆಯುತ್ತ ಬದಲಾಗುತ್ತ ಹೋಗುವ ದಾರಿಯಲ್ಲಿ ಆ ಪರಮಾಣು ಒಮ್ಮೆ ರೇಡಾನ್ ಎಂಬ ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲದಿಂದ ಮೇಲೆದ್ದು ಬಯಲಿಗೆ ಬಂದರೆ ಗಾಳಿಯಲ್ಲಿ ಬೆರೆತು ಹೋಗುತ್ತದೆ. ಬಿರುಕಿನ ಮೂಲಕ ಮುಚ್ಚಿದ ಕೋಣೆಗೆ ಬಂದರೆ ಅಲ್ಲೇ ಉಳಿದು, ಮತ್ತಷ್ಟು ಆಲ್ಫಾ ಕಣಗಳನ್ನು ಎಸೆಯುತ್ತದೆ. ಒಂದು ಹಾಳೆ ಅಡ್ಡ ಹಿಡಿದರೆ ನಿಂತುಬಿಡುವ ಕಣ ಅದು, ಮೈಚರ್ಮವನ್ನೂ ದಾಟಲಾರದು. ಆದರೆ ರೇಡಾನ್ ಉಸಿರಿನ ಜೊತೆ ಒಳಗೆ ಹೋಗಿ, ಕಣ ಶ್ವಾಸಕೋಶದಿಂದಲೇ ಹೊರಟರೆ ಅಲ್ಲಿ ತಡೆಯಲು ಹಾಳೆಯೂ ಇಲ್ಲ, ಚರ್ಮವೂ ಇಲ್ಲ.

ಬಾಣಂತಿ ಕೋಣೆಯ ಫಿಲ್ಮನ್ನು ನೋಡಿದಾಗ ಆಸ್ಮಾ ಮೊದಲು ತಾನೇ ಎಲ್ಲೋ ತಪ್ಪಿದ್ದೇನೆ ಅಂದುಕೊಂಡಳು. ಕುಂಕುಮದ ತಟ್ಟೆಯ ಮೇಲೆ ರವೆ ಚೆಲ್ಲಿದಂತಿತ್ತು. ಮತ್ತೆ ಎಣಿಸಿದಳು. ಅವಳು ಅದುವರೆಗೆ ನೋಡಿದವುಗಳಲ್ಲಿ ಅಷ್ಟು ಚುಕ್ಕೆಗಳಿದ್ದ ಫಿಲ್ಮು ಬೇರೆ ಇರಲಿಲ್ಲ. ಮನೆಯೊಳಗೆ ಇಷ್ಟಿರಬಹುದು ಎಂದು ತಜ್ಞರು ಹಾಕಿರುವ ಮಿತಿಯನ್ನು ಅದು ಎಷ್ಟೋ ಮೀರಿತ್ತು.

ಅವಳ ಮಾರ್ಗದರ್ಶಕರು ಮುರಳಿಮೋಹನ್ ಮೇಷ್ಟ್ರು. ಅವರು ಲೆಕ್ಕವನ್ನು ಮೊದಲಿಂದ ಮತ್ತೊಮ್ಮೆ ನೋಡಿದರು. "ಅವರಿಗೆ ಹೇಳಲೇಬೇಕಮ್ಮ. ಹೇಳದೆ ಪ್ರಬಂಧ ಬರ್ಕೊಂಡು ಕೂತ್ರೆ ನಾವು ಮನುಷ್ಯರೇ ಅಲ್ಲ. ಆದ್ರೆ ಹೆದರಿಸ್ಬೇಡ. ಇದು ವಿಷ ಅಲ್ಲ, ಹಾವಲ್ಲ. ವರ್ಷಗಟ್ಟಲೆ ಉಸಿರಾಡಿದ್ರೆ ಅಪಾಯ ಸ್ವಲ್ಪ ಜಾಸ್ತಿ, ಗಾಳಿ ಆಡಿದ್ರೆ ಕಡಿಮೆ. ಇಷ್ಟನ್ನ ಅವರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು. ಅದೇ ಕಷ್ಟ."

ಕಷ್ಟವೇ ಆಯಿತು. ಆಸ್ಮಾ ಹೋದ ದಿನ ಕದಿರಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಆಸ್ಮಾ ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಆದರೆ ಆ ಹೊಗೆ, ಆ ಕಾವಿನ ನಡುವೆ ಎಲ್ಲ ಹಿಂದುಮುಂದಾಗಿ, ಬೇಡವಾದ ಪದವೇ ಮೊದಲು ಬಾಯಿಗೆ ಬಂತು.

"ಕ್ಯಾನ್ಸರ್ರಾ?" ಕದಿರಮ್ಮನ ಕೈ ನಿಂತಿತು.

"ಬರುತ್ತೆ ಅಂತಲ್ಲ ಅಮ್ಮ. ತುಂಬಾ ವರ್ಷ ಅದೇ ಗಾಳೀಲಿದ್ರೆ..."

"ನನ್ನ ಮಗಳು ಮಲಗೋ ಕೋಣೆ ಅದು."

"ಅದಕ್ಕೇ ಅಮ್ಮ, ಅದಕ್ಕೊಂದು ಕಿಟಕಿ..."

"ಬಾಣಂತಿ ಕೋಣೆಗೆ ಕಿಟಕಿ ಇಡಿಸಿ ಶೀತ ಹಿಡಿಸ್ಲಾ? ನಮ್ಮತ್ತೆ, ಅವರತ್ತೆ, ಎಲ್ಲಾ ಅಲ್ಲೇ ಹೆತ್ತವ್ರೆ. ಅವರೆಲ್ಲಾ ದಡ್ಡರಾ? ನನ್ನ ಮಗಳನ್ನ ನಾನೇ ಕೊಲ್ಲೋಕೆ ಕೂತಿದೀನಾ?" ಕದಿರಮ್ಮನ ದನಿ ಏರಲಿಲ್ಲ, ಗಟ್ಟಿಯಾಯಿತು. ಮುದ್ದೆಯನ್ನು ತಟ್ಟೆಗೆ ಹಾಕಿ, ಸಾರು ಬಿಟ್ಟು, ಆಸ್ಮಾಳ ಮುಂದಿಟ್ಟಳು. "ಉಂಡು ಹೋಗು. ಮನೆಗೆ ಬಂದೋರನ್ನ ಹಸಿದು ಕಳಿಸಲ್ಲ. ಆದ್ರೆ ಈ ಮಾತು ಇನ್ನೊಂದು ಸಲ ಆಡ್ಬೇಡ."

ಆಸ್ಮಾ ಉಂಡಳು. ಮುರುಗಮಲ್ಲದ ಕಡೆಯಿಂದ ಬಂದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದುಪಟ್ಟಾದ ಅಂಚಿನಲ್ಲಿ ಕಣ್ಣು ಒರೆಸಿಕೊಂಡಳು.

ಆ ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಬಾಬಾಜಾನ್ ಮಗಳ ಮಾತನ್ನು ಮಧ್ಯೆ ಕತ್ತರಿಸದೆ ಕೇಳಿ, ಕೊನೆಗೆ ಉರ್ದುವಿನಲ್ಲಿ, "ಅವರು ಕೋಪ ಮಾಡಿಕೊಂಡಿದ್ದು ನಿನ್ನ ಮೇಲಲ್ಲ ಬೇಟಾ. ಹೆದರಿಕೆ ಆದಾಗ ಆ ಹೆಂಗಸು ಹಾಗೇ ಮಾತಾಡೋದು. ರೋಗ ಬಿದ್ದ ಗೂಡು ತಂದಾಗಲೂ ನನ್ನ ಜೊತೆ ಹೀಗೇ ಜಗಳ ಆಡಿದ್ದರು" ಅಂದರು. ಆಸ್ಮಾಗೆ ಅದು ಸಮಾಧಾನಕ್ಕೆ ಹೇಳಿದ ಮಾತು ಅನ್ನಿಸಿತು.

ಕೆಲವು ವಾರಗಳ ನಂತರ ಅವಳಿಗೊಂದು ಫೋನು ಬಂತು. ಗುರುತಿಲ್ಲದ ನಂಬರು, ಗುರುತಿಲ್ಲದ ದನಿ.

"ಆಸ್ಮಾ ಮೇಡಮ್ಮಾ? ನಾನು ಮಾಲಾ, ಕದಿರಮ್ಮನ ಮಗಳು. ಮೊನ್ನೆ ಬಂದೆ ಅಮ್ಮನ ಮನೆಗೆ. ನೀವು ಏನ್ ಹೇಳಿ ಹೋದ್ರಿ ನಮ್ಮಮ್ಮಂಗೆ?"

"ಯಾಕೆ, ಏನಾಯ್ತು?"

"ಆ ಕೋಣೆಗೆ ಬೀಗ ಜಡಿದಿದಾಳೆ. ನಿಮ್ಮ ಹೆಸರು ಎತ್ತಿದ್ರೆ ಬೈತಾಳೆ, ಅವಳಿಗೇನು ಗೊತ್ತು ಅಂತಾಳೆ. ಆದ್ರೆ ನನ್ನ ಆ ಬಾಗಿಲ ಹತ್ರಾನೂ ಬಿಡಲ್ಲ. ಎರಡು ಸಲ ಕೆಮ್ಮಿದ್ರೆ ಸಾಕು, ಎದ್ದು ಬಂದು ಬೆನ್ನು ಸವರ್ತಾಳೆ. ಸರಿಯಾಗಿ ನಿದ್ದೆ ಮಾಡ್ತಿಲ್ಲ ಮೇಡಂ. ನೀವು ಅರ್ಧ ಹೇಳಿ ಹೋಗಿದೀರ ಅನ್ಸುತ್ತೆ. ಬಂದು ಪೂರ್ತಿ ಹೇಳಿ."

ಅರ್ಧ ಹೇಳಿದ್ದು ನಿಜ. ಆಸ್ಮಾಗೆ ನಾಚಿಕೆಯಾಯಿತು. ಆದರೆ ಎಷ್ಟೋ ದಿನಗಳ ಮೇಲೆ ಮೈ ಹಗುರಾದಂತೆಯೂ ಆಯಿತು. ಮಾತಿನಲ್ಲಿ ಹೇಳಿದರೆ ಮತ್ತೆ ಮಾತೇ ಎಡವುತ್ತದೆ, ಈ ಸಲ ತೋರಿಸಬೇಕು ಎಂದು ನಿರ್ಧರಿಸಿದಳು. ಮೇಷ್ಟ್ರನ್ನು ಕೇಳಿ ಕಾಲೇಜಿನ ಒಂದು ಸೂಕ್ಷ್ಮದರ್ಶಕವನ್ನು ಪಡೆದು, ಅದನ್ನು ಹಳೆಯ ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದಳು.

ಕದಿರಮ್ಮ ಅವಳನ್ನು ನೋಡಿ ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಜಗಲಿಯ ಮೇಲೆ ಬಿಸಿಲು ಚೆನ್ನಾಗಿ ಬೀಳುವ ಕಡೆ ಆಸ್ಮಾ ಸೂಕ್ಷ್ಮದರ್ಶಕವನ್ನು ಬಿಚ್ಚಿಟ್ಟಾಗ ಮಾತ್ರ ಹತ್ತಿರ ಬಂದಳು.

"ಇದು ನಂಗೊತ್ತು. ಹುಳದ ಮೊಟ್ಟೆ ಕೊಡೋ ಕಡೆ ಇಟ್ಟವ್ರೆ. ತಾಯಿ ಚಿಟ್ಟೇನ ಅರೆದು, ಗಂಟುರೋಗ ಐತಾ ಇಲ್ವಾ ಅಂತ ಇದರಲ್ಲೇ ನೋಡೋದು."

"ಹೌದಮ್ಮ, ಅದೇ. ನೀವು ಯಾವತ್ತಾದ್ರೂ ನೋಡಿದ್ರಾ?"

"ಒಂದು ಸಲ. ರೋಗ ಬಿದ್ದು ಬೆಳೆ ಎಲ್ಲಾ ತಿಪ್ಪೆಗೆ ಹೋಗಿತ್ತಲ್ಲ, ಆವಾಗ ಅವರೇ ಕರೆದು ತೋರಿಸಿದ್ರು. ಕಣ್ಣಿಗೆ ಕಾಣದ್ದು ಅಷ್ಟು ದೊಡ್ಡ ಬೆಳೇನ ತಿಂದಾಕಿತ್ತು."

ಆಸ್ಮಾ ಮೊದಲು ಜಗಲಿಯ ಫಿಲ್ಮನ್ನು ಇಟ್ಟಳು. ಕದಿರಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಕೆಂಪಿನ ನಡುವೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಆಮೇಲೆ ಕೋಣೆಯ ಫಿಲ್ಮು. ಕದಿರಮ್ಮ ಬಗ್ಗಿದವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಇಷ್ಟೊಂದಾ?"

"ಹ್ಞೂಂ ಅಮ್ಮ. ನೆಲದ ಕೆಳಗಿರೋ ಬಂಡೆಯಿಂದ ಬರೋ ಗಾಳಿ ಇದು. ನಿಮ್ಮ ತಪ್ಪೂ ಅಲ್ಲ, ಮನೆ ಕಟ್ಟಿದವರ ತಪ್ಪೂ ಅಲ್ಲ. ಈ ಸೀಮೆ ಕಲ್ಲಿನ ಗುಣ ಅದು."

"ಒಂದೊಂದು ಚುಕ್ಕೇನೂ ಏನು? ಹುಳಾನಾ?"

"ಜೀವ ಇರೋದಲ್ಲ. ಅದಕ್ಕೆ ಆಲ್ಫಾ ಕಣ ಅಂತ ಹೆಸರು. ಬಂದು ಬಡಿದು, ಅಲ್ಲೇ ಸುತ್ತಮುತ್ತ ಗಾಳೀಲಿರೋ ಎರಡು ಎಲೆಕ್ಟ್ರಾನ್ ಹಿಡ್ಕೊಂಡ್ರೆ ಅದರ ಕತೆ ಮುಗೀತು. ಹೀಲಿಯಂ ಅನ್ನೋ ಅನಿಲ ಆಗಿ ತೆಪ್ಪಗೆ ಹೋಗ್ಬಿಡುತ್ತೆ. ಮುರುಗಮಲ್ಲದ ದರ್ಗಾ ಹತ್ರ ಬೆಲೂನ್ ಮಾರ್ತಾರಲ್ಲ, ಕೈ ಬಿಟ್ರೆ ಮೇಲಕ್ಕೆ ಹೋಗೋದು? ಆ ಥರದ ಬೆಲೂನಿಗೆ ತುಂಬೋದು ಅದೇ ಹೀಲಿಯಂ."

ಬಾಗಿಲಿಗೆ ಒರಗಿ ಕೂತಿದ್ದ ಮಾಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ನೀನು ಬೀಗ ಹಾಕಿದ್ದು ಬೆಲೂನ್ ಗಾಳಿಗೆ ಕಣೇ!"

"ಸುಮ್ನಿರೇ ನೀನು." ಆದರೂ ಕದಿರಮ್ಮನ ಹುಬ್ಬಿನ ಗಂಟು ಸ್ವಲ್ಪ ಸಡಿಲಾಯಿತು. ಆಮೇಲೆ ಅವಳು ದನಿ ತಗ್ಗಿಸಿ ಕೇಳಿದ ಮಾತಿಗೆ ಆಸ್ಮಾ ಸಿದ್ಧಳಿರಲಿಲ್ಲ. "ನಮ್ಮತ್ತೆ ಮುದುಕಿ ಆದ್ಮೇಲೆ ಆ ಕೋಣೇಲೇ ಮಲಗ್ತಿದ್ರು. ಕೊನೆಗೆ ಕೆಮ್ಮಿ ಕೆಮ್ಮಿ ಹೋದ್ರು. ಅದು ಇದರಿಂದಾನೇನಮ್ಮ?"

ಇಲ್ಲ ಅಂದರೆ ಈ ಹೆಂಗಸಿಗೆ ನೆಮ್ಮದಿ. ಹೌದು ಅಂದರೆ ನಾಳೆಯೇ ಕಿಟಕಿ. ಆಸ್ಮಾ ಎರಡನ್ನೂ ನುಂಗಿಕೊಂಡಳು.

"ಗೊತ್ತಿಲ್ಲ ಅಮ್ಮ. ಗೊತ್ತು ಅಂದ್ರೆ ಸುಳ್ಳು ಹೇಳಿದಂಗಾಗುತ್ತೆ. ಒಲೆ ಹೊಗೆ ಇರಬಹುದು, ಬೇರೆ ಕಾಯಿಲೆ ಇರಬಹುದು. ಯಾರಿಗೂ ಈಗ ಹೇಳೋಕಾಗಲ್ಲ. ಒಂದು ಮಾತ್ರ ಗೊತ್ತು. ಮಾಲಾ ಬಾಣಂತನ ಮುಗಿಸೋ ಕೆಲವು ತಿಂಗಳಲ್ಲಿ ಏನೂ ಆಗ್ಬಿಡಲ್ಲ. ಬೀಗ ಹಾಕೋಷ್ಟು ಹೆದರ್ಬೇಡಿ. ಆದ್ರೆ ಕಡಿಮೆ ಮಾಡೋಕೆ ಆಗುವಾಗ ಯಾಕೆ ಬಿಡ್ಬೇಕು?"

ಕದಿರಮ್ಮ ಅವಳ ಮುಖವನ್ನೇ ನೋಡಿದಳು. "ಗೊತ್ತಿಲ್ಲ ಅಂದ್ಯಲ್ಲ" ಎಂದಳು ಕೊನೆಗೆ, "ಅದೊಂದು ಚೆನ್ನಾಗಿ ಹೇಳ್ದೆ."

ಆಸ್ಮಾ ಮೂರನೆಯ ಫಿಲ್ಮನ್ನು ಇಟ್ಟಳು. ಹುಳುಮನೆಯದು. ಹೆಚ್ಚುಕಡಿಮೆ ಜಗಲಿಯದರ ಹಾಗೆಯೇ, ಚುಕ್ಕೆಗಳು ವಿರಳ.

"ಇದೂ ನಮ್ಮನೇದೇ, ಅದೇ ಬಂಡೆ ಮೇಲೆ ಕಟ್ಟಿರೋದು. ಇದರಲ್ಲಿ ಯಾಕಿಲ್ಲ?" ಕದಿರಮ್ಮ ಕೇಳಿದಳು. ಕೇಳಿದವಳಿಗೆ ಉತ್ತರವೂ ಹೊಳೆದಿರಬೇಕು. ಹಿತ್ತಿಲ ಕಡೆ ತಿರುಗಿ ನೋಡಿದಳು.

ಮಾಲಾ ಬಿಡಲಿಲ್ಲ. "ಹುಳಕ್ಕೆ ಗಾಳಿ ಸಾಲ್ದೆ ಹೋದ್ರೆ ರೋಗ ಬೀಳುತ್ತೆ ಅಂತ ಅಣ್ಣನ ಹತ್ರ ಜಗಳ ಆಡಿ ನಾಲ್ಕು ಕಡೆ ಕಿಟಕಿ ಇಡ್ಸಿದ್ದು ಯಾರಮ್ಮಾ? ಹುಳ ಜ್ವರಕ್ಕೆ ಕೂತಾಗ, ಪೊರೆ ಬಿಡೋ ಹೊತ್ತಲ್ಲಿ, ರಾತ್ರಿ ಎದ್ದು ಕಿಂಡಿ ತೆಗೆಯೋದು ಯಾರು? ನಿನ್ನ ಮೊಮ್ಮಗೂಗೆ ಹುಳದಷ್ಟೂ ಬೆಲೆ ಇಲ್ವಾ?"

ಕದಿರಮ್ಮ ಎದ್ದು ಒಳಗೆ ಹೋದಳು. ಹೋದವಳು ಬರುವಷ್ಟರಲ್ಲಿ ಆಸ್ಮಾ ಸೂಕ್ಷ್ಮದರ್ಶಕವನ್ನು ಶಾಲಿನಲ್ಲಿ ಸುತ್ತತೊಡಗಿದ್ದಳು. ಕದಿರಮ್ಮನ ಕೈಯಲ್ಲಿ ಕಾಫಿ ಲೋಟಗಳಿದ್ದವು, ಬೆರಳಿನಲ್ಲಿ ಬೀಗದ ಕೈ.

"ಕಿಟಕಿ ಎಲ್ಲಿ ಇಡ್ಬೇಕು ಬಾ, ತೋರಿಸು. ಆದ್ರೆ ನಾನು ಹೇಳಿದಂಗೆ ನಡೀಬೇಕು. ಮಂಚದ ಮೇಲೆ ನೇರ ಗಾಳಿ ಬೀಳಬಾರದು. ಕದ ಇರಬೇಕು, ಸೊಳ್ಳೆ ಜಾಲರಿ ಇರಬೇಕು. ಮೊದಲ ಹನ್ನೊಂದು ದಿನ ಬಿಸಿಲೇರಿದ ಮೇಲೇ ತೆಗೆಯೋದು, ಸಂಜೆ ಆಗೋಕೆ ಮುಂಚೆ ಹಾಕೋದು."

ಹಗಲೂ ರಾತ್ರಿಯೂ ತೆರೆದಿದ್ದರೆ ಒಳ್ಳೆಯದಿತ್ತು. ಆದರೆ ಆಸ್ಮಾ ಈ ಸಲ ಎಡವಲಿಲ್ಲ. "ಆಗ್ಲಿ ಅಮ್ಮ, ನೀವು ಹೇಳಿದಂಗೇ. ಮೇಲೆ ಚಪ್ಪಡಿ ಹತ್ರ ಇನ್ನೊಂದು ಚಿಕ್ಕ ಕಿಂಡಿ ಇಡಿಸಿ. ಅದನ್ನ ಮುಚ್ಚಬೇಡಿ. ಅಷ್ಟು ಮೇಲಿಂದ ಗಾಳಿ ಮಂಚಕ್ಕೆ ಬರಲ್ಲ. ನೆಲದ ಬಿರುಕಿಗೆಲ್ಲಾ ಸಿಮೆಂಟ್ ಹಾಕ್ಸಿ."

ಕಲ್ಲು ಕೆಲಸದ ಕೊಂಡಪ್ಪ ಬಂದ. ಗೋಡೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಿ, "ಏಮಮ್ಮಾ ಇದಿ, ಮನೆ ಕಟ್ಟಿದಾರಾ, ಕೋಟೆ ಕಟ್ಟಿದಾರಾ?" ಎಂದು ತೆಲುಗು ಬೆರೆಸಿ ಬೈದುಕೊಂಡೇ ಉಳಿ ಹಿಡಿದ. ಕೆಲಸ ಎಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಬೀದಿಯವರು ಬಂದು ಬಂದು ನೋಡಿದರು. ತುಂಬಿದ ಬಸುರಿ ಇರುವ ಮನೆಯಲ್ಲಿ ಗೋಡೆ ಒಡೆಸುತ್ತಾರೆಯೇ ಎಂದು ಎದುರು ಮನೆಯ ರಾಮಲಕ್ಷ್ಮಮ್ಮ ನಾಲ್ಕು ಜನಕ್ಕೆ ಕೇಳುವಂತೆಯೇ ಅಂದಳು. ಕದಿರಮ್ಮ ಕೇಳಿಸಿಕೊಂಡರೂ ಕೇಳಿಸದವಳಂತೆ ಕೊಂಡಪ್ಪನಿಗೆ ಮಜ್ಜಿಗೆ ಕೊಟ್ಟಳು.

ಕೊನೆಯ ಕಲ್ಲು ಹೊರಗೆ ಬಿದ್ದ ಮಧ್ಯಾಹ್ನ ಆಸ್ಮಾ ಅಲ್ಲೇ ಇದ್ದಳು. ಧೂಳು ಇಳಿಯುತ್ತಿದ್ದಂತೆ ಬಿಸಿಲು ಒಳಗೆ ಬಂದು ಎದುರು ಗೋಡೆಗೆ ತಾಗಿತು. ಸಾಂಬ್ರಾಣಿ, ಅಗ್ಗಿಷ್ಟಿಕೆಗಳ ಹೊಗೆ ಎಷ್ಟೋ ಬಾಣಂತನಗಳಿಂದ ಆ ಗೋಡೆಯ ಮೇಲೆ ಕೂತಿತ್ತು. ಕದಿರಮ್ಮ ಬೆರಳಿನಿಂದ ಒಂದು ಗೆರೆ ಎಳೆದು, ಬೆರಳನ್ನು ಬೆಳಕಿಗೆ ಹಿಡಿದಳು.

"ಅಯ್ಯೋ, ಇಷ್ಟು ಕಪ್ಪಾಗಿತ್ತಾ! ನಲವತ್ತು ವರ್ಷ ಗುಡಿಸಿದೀನಿ ಈ ಕೋಣೇನ. ಕಾಣಿಸಿರಲೇ ಇಲ್ಲವಲ್ಲೇ." ಅವತ್ತೇ ಚನ್ನಕೇಶವನನ್ನು ಸುಣ್ಣ ತರಲು ಚಿಂತಾಮಣಿಗೆ ಓಡಿಸಿದಳು.

ಮಾಲಾಗೆ ಹೆಣ್ಣು ಮಗು ಆಯಿತು. ಆಸ್ಪತ್ರೆಯಿಂದ ನೇರ ಆ ಕೋಣೆಗೇ ಬಂದರು. ಬೆಳ್ಳಗಿನ ಗೋಡೆ, ಮಂಚದ ತಲೆದೆಸೆಯಿಂದ ದೂರಕ್ಕೆ ಕಿಟಕಿ, ಚಪ್ಪಡಿಯಿಂದ ತೂಗುವ ಹೊಸ ಡಬ್ಬಿ. ಹನ್ನೊಂದು ದಿನ ಕಳೆದ ಮೇಲೂ ಕದಿರಮ್ಮ ಸಂಜೆಗೆ ಕದ ಹಾಕುವುದನ್ನು ಬಿಡಲಿಲ್ಲ. ಆಮೇಲೆ ಬೇಸಿಗೆ ಬಂತು, ಸೆಕೆ ಬಂತು. ಒಂದು ದಿನ ಅವಳೇ, "ಮಗು ಬೆವರ್ತೈತೆ, ತೆಗೆದೇ ಇರ್ಲಿ ಬಿಡು" ಅಂದಳಂತೆ. ಮಾಲಾ ಇದನ್ನು ಫೋನಿನಲ್ಲಿ ಹೇಳಿ ನಕ್ಕಳು.

ಮೂರು ತಿಂಗಳು ತುಂಬಿದ ಮೇಲೆ ಆಸ್ಮಾ ಆ ಫಿಲ್ಮನ್ನು ತೊಳೆದು ಒಣಗಿಸಿ ನೋಡಿದಳು. ಚುಕ್ಕೆಗಳು ಇದ್ದವು. ಬಂಡೆ ತನ್ನ ಕೆಲಸವನ್ನು ಬಿಟ್ಟಿರಲಿಲ್ಲ. ಆದರೆ ಅವು ಮೊದಲಿನ ಕಾಲು ಭಾಗಕ್ಕಿಂತ ಕಡಿಮೆ. ಎಣಿಸುತ್ತ ಎಣಿಸುತ್ತ ಅವಳಿಗೆ ಲೆಕ್ಕ ತಪ್ಪಿತು; ಸಂತೋಷದಿಂದಲೇ ಮತ್ತೆ ಮೊದಲಿಂದ ಎಣಿಸಿದಳು. ಮೇಷ್ಟ್ರಿಗೆ ಕರೆ ಮಾಡಿದಾಗ ಅವರು, "ಒಂದು ಮನೆ ಆಯ್ತು. ಒಳ್ಳೇದು. ಒಂದು ಮನೆಯಿಂದ ಪಿಎಚ್‌ಡಿ ಆಗಲ್ಲಮ್ಮ" ಎಂದು ನಕ್ಕರು.

ಸುದ್ದಿ ಹೇಳಲು ಅವಳು ಊರಿಗೆ ಹೋದಾಗ ಮಾಲಾ ಗಂಡನ ಮನೆಗೆ ಹೊರಡಲು ಬಟ್ಟೆ ಕಟ್ಟುತ್ತಿದ್ದಳು. "ನಂಗೂ ಒಂದು ಡಬ್ಬಿ ಕೊಡಿ ಮೇಡಂ. ನಮ್ಮತ್ತೆ ಮನೇನೂ ಕಲ್ಲಿಂದೇ. ಅವರಿಗೆ ಏನ್ ಹೇಳ್ಲಿ?"

"ಹೆದರಿಸ್ಬೇಡ" ಅಂದಳು ಆಸ್ಮಾ. "ಫಿಲ್ಮ್ ಬಂದ್ಮೇಲೆ ನಾನೇ ಬಂದು ತೋರಿಸ್ತೀನಿ."

ಕದಿರಮ್ಮ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, ಆಸ್ಮಾಳ ಕೈಚೀಲದೊಳಗೆ ಇಣುಕಿದಳು. "ಎಷ್ಟು ತಂದಿದೀಯ?"

"ಇದಾವೆ ಅಮ್ಮ, ಒಂದು ಹತ್ತು ಹನ್ನೆರಡು. ಯಾರು ಹಾಕ್ಸ್ಕೋತಾರೋ ನೋಡ್ಬೇಕು."

"ನಡಿ, ನಾನು ಬರ್ತೀನಿ." ಮಗುವನ್ನು ಮಾಲಾಳ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಕದಿರಮ್ಮ ಬೀದಿ ದಾಟಿದಳು. ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಅದನ್ನು ಪೂರ್ತಿ ತಳ್ಳಿದಳು.

"ಲೇ ರಾಮಲಕ್ಷ್ಮಮ್ಮ, ಏನ್ ಮಾಡ್ತಿದೀಯೇ? ಮಲಗೋ ಕೋಣೆ ಎಲ್ಲಿ, ತೋರಿಸು ಬಾ. ಡಬ್ಬೀಲಿ ಏನೂ ಇಲ್ಲ ಅಂದಿದ್ಯಲ್ಲ, ಆಮೇಲೆ ನಾನೇ ತೋರಿಸ್ತೀನಿ. ಆಸ್ಮಮ್ಮ, ಆ ಸ್ಟೂಲು ತಗೊಂಬಾ ಇಲ್ಲಿ."